ನೂರು ದಾಟಿದ ಲಸಿಕೆಯ ಲೆಕ್ಕ

“ನಮ್ಮೂರ ಪಿಎಚ್‌ಸಿ ಗೋಡೆಯ ಪಟ್ಟಿಯಲ್ಲಿ ದಡಾರ ಲಸಿಕೆಯ ಸಾಧನೆ ಶೇ. 102 ಅಂತ ಬರೆದಿದ್ದಾರೆ. ಇರುವ ಮಕ್ಕಳಿಗಿಂತ ಹೆಚ್ಚು ಮಕ್ಕಳಿಗೆ ಲಸಿಕೆ ಹಾಕೋದು ಹೇಗೆ?” ಎಂದು ಓದುಗರೊಬ್ಬರು ಕೇಳಿದ್ದಾರೆ. ಯಾರೋ ಸುಳ್ಳು ಲೆಕ್ಕ ಬರೆದಿದ್ದಾರೆಂಬ ಗುಮಾನಿ ಅವರದು. ಆದರೆ ಒಬ್ಬರೂ ಸುಳ್ಳು ಬರೆಯದೆಯೂ ಇಂಥ ಅಂಕಿ ಹುಟ್ಟಬಲ್ಲದು. ಅದು ಹುಟ್ಟುವ ಬಗೆ ಗೊತ್ತಾದರೆ, ನಮ್ಮಂಥ ದೇಶಗಳು ಆರೋಗ್ಯ ಮಾಹಿತಿ ವ್ಯವಸ್ಥೆ ಕಟ್ಟಲು ಏಕೆ ಇಷ್ಟೊಂದು ಹೆಣಗುತ್ತವೆ ಎಂಬುದೂ ಅರ್ಧ ಗೊತ್ತಾದಂತೆ.

ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಜನ ಎಂದುಕೊಳ್ಳಿ. ಜನನ ಪ್ರಮಾಣ ಸಾವಿರಕ್ಕೆ 16 ಎಂದು ಹಿಡಿದರೆ ವರ್ಷಕ್ಕೆ 480 ಮಕ್ಕಳು. ಆ ಕೇಂದ್ರಕ್ಕೆ ಮೇಲಿನಿಂದ ಬರುವ ಗುರಿ ಅದೇ. ಆದರೆ ಈ 30,000 ಎಂಬುದು ಹಳೆಯ ಜನಗಣತಿಯನ್ನು ಹಿಗ್ಗಿಸಿ ಮಾಡಿದ ಅಂದಾಜು. ಊರಂಚಿಗೆ ಗಾರ್ಮೆಂಟ್ಸ್ ಬಂದು ಜನ 34,000 ಆಗಿದ್ದರೆ, ಹುಟ್ಟುವ ಮಕ್ಕಳು 544. ಅವರಲ್ಲಿ 490 ಮಕ್ಕಳಿಗೆ ಲಸಿಕೆ ಸಿಕ್ಕರೆ 480ರ ಲೆಕ್ಕದಲ್ಲಿ ಅದು ಶೇ. 102. ಇನ್ನೂ 54 ಮಕ್ಕಳಿಗೆ ಲಸಿಕೆ ಸಿಕ್ಕಿಲ್ಲ, ಅದು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ದಡಾರದಷ್ಟು ಬೇಗ ಹರಡುವ ರೋಗಕ್ಕೆ ಅಷ್ಟು ಸಂದು ಸಾಕು.

ಇದರ ಮೇಲೆ ನಮ್ಮ ಬಾಣಂತನದ ಪದ್ಧತಿ ಬೇರೆ. ಗಂಡನ ಊರಿನಲ್ಲಿ ತಾಯಿ ಕಾರ್ಡ್ ಮಾಡಿಸಿದ ಹೆಣ್ಣುಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾಳೆ. ಮಗುವಿನ ಮೊದಲ ಲಸಿಕೆಗಳು ಅಲ್ಲಿ, ಉಳಿದವು ಇಲ್ಲಿ. ಒಂದು ಊರಿನ ಲೆಕ್ಕದಲ್ಲಿ ಆ ಮಗು ಹೆಚ್ಚುವರಿ, ಇನ್ನೊಂದು ಊರಿನಲ್ಲಿ ನಾಪತ್ತೆ. ನಮ್ಮ ಅಂದಾಜುಗಳಿಗೆಲ್ಲ ತಳಹದಿ 2011ರ ಜನಗಣತಿ. 2021ರಲ್ಲಿ ಆಗಬೇಕಿದ್ದ ಗಣತಿ ಆಗ ಆಗಲಿಲ್ಲ. ಎಂಥ ಸಾಫ್ಟ್‌ವೇರ್ ತಂದರೂ ಛೇದವೇ ತಪ್ಪಿದ್ದರೆ ಭಾಗಲಬ್ಧ ಸರಿಬರುವುದಿಲ್ಲ.

ಆರೋಗ್ಯದ ಲೆಕ್ಕವೇ ಸರಿಬಾರದ ಈ ಸಂಕಟವನ್ನು ಗಂಭೀರವಾಗಿ ಎದುರಿಸಿದ ಮೊದಲ ದೇಶಗಳಲ್ಲಿ ದಕ್ಷಿಣ ಆಫ್ರಿಕಾ ಒಂದು. 1994ರಲ್ಲಿ ವರ್ಣಭೇದದ ಸರ್ಕಾರ ಹೋಗಿ ಮಂಡೇಲಾ ಬಂದಾಗ ಆ ಒಂದೇ ದೇಶದಲ್ಲಿ 14 ಆರೋಗ್ಯ ಇಲಾಖೆಗಳಿದ್ದವು. ಬಿಳಿಯರಿಗೊಂದು, ಭಾರತೀಯರಿಗೊಂದು, ಮಿಶ್ರವರ್ಣದವರಿಗೊಂದು, ಕರಿಯರನ್ನು ದೂಡಿದ್ದ ಹತ್ತು ‘ತಾಯ್ನಾಡು’ಗಳಿಗೆ ಒಂದೊಂದು, ಎಲ್ಲಕ್ಕೂ ಮೇಲೆ ಮತ್ತೊಂದು. ಒಂದರ ನಮೂನೆ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಇಡೀ ದೇಶದಲ್ಲಿ ಎಷ್ಟು ಮಕ್ಕಳಿಗೆ ಲಸಿಕೆ ಸಿಕ್ಕಿದೆ ಎಂದು ಕೂಡಿಸಿ ಹೇಳುವಂತೆಯೇ ಇರಲಿಲ್ಲ.

ಕೇಪ್‌ಟೌನ್‌ನಲ್ಲಿ ವೆಸ್ಟರ್ನ್ ಕೇಪ್ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ತಜ್ಞರ ಜೊತೆ ಯೋರ್ನ್ ಬ್ರೋ, ಕಾಲೆ ಹೆಡ್‌ಬರ್ಗ್ ಎಂಬ ಇಬ್ಬರು ಸೇರಿಕೊಂಡರು. ಬ್ರೋ ನಾರ್ವೆಯ ಓಸ್ಲೋ ವಿಶ್ವವಿದ್ಯಾಲಯದವರು. ಆ ನಾಡಿನ ಕ್ರಿಸ್ಟನ್ ನೈಗಾರ್ಡ್ ಅವರನ್ನು ಇಲ್ಲಿ ನೆನೆಯಲೇಬೇಕು. ಒಲೆ-ಯೋಹಾನ್ ಡಾಲ್ ಜೊತೆ ಸಿಮುಲಾ ಎಂಬ ಪ್ರೋಗ್ರಾಮಿಂಗ್ ಭಾಷೆ ರೂಪಿಸಿ 2001ರ ಟ್ಯೂರಿಂಗ್ ಪ್ರಶಸ್ತಿ ಪಡೆದ ಈ ವಿಜ್ಞಾನಿ, 1970ರ ದಶಕದಲ್ಲಿ ನಾರ್ವೆಯ ಲೋಹ ಕಾರ್ಮಿಕರ ಸಂಘದ ಜೊತೆ ಕೆಲಸ ಮಾಡಿದವರು. ಕಾರ್ಖಾನೆಗೆ ಕಂಪ್ಯೂಟರ್ ಬರುವಾಗ ಅದರ ವಿನ್ಯಾಸದಲ್ಲಿ ಕಾರ್ಮಿಕರಿಗೂ ಮಾತಿರಬೇಕು ಎಂಬುದು ಅವರ ಪಟ್ಟು. ಕೇಪ್‌ಟೌನ್‌ಗೆ ಬಂದಿದ್ದು ಇದೇ ಪರಂಪರೆ. ಕಾರ್ಮಿಕರ ಜಾಗದಲ್ಲಿ ಇಲ್ಲಿ ಕ್ಲಿನಿಕ್ಕಿನ ನರ್ಸ್‌ಗಳಿದ್ದರು, ಅಷ್ಟೇ.

ತಂಡ ಮೊದಲು ಮಾಡಿದ ಕೆಲಸ ಕತ್ತರಿ ಹಿಡಿದದ್ದು. ನರ್ಸ್‌ಗಳು ತುಂಬುತ್ತಿದ್ದ ಉದ್ದುದ್ದ ನಮೂನೆಗಳಲ್ಲಿ ಯಾವ ಅಂಕಿಯಿಂದ ಯಾರು ಯಾವ ನಿರ್ಧಾರ ಕೈಗೊಳ್ಳುತ್ತಾರೆ ಎಂದು ಕೇಳುತ್ತ ಹೋಗಿ, ಉತ್ತರ ಸಿಗದವನ್ನು ಕೈಬಿಟ್ಟು, ಕಡ್ಡಾಯವಾಗಿ ಬೇಕಾದವುಗಳ ಕಿರುಪಟ್ಟಿ ಮಾಡಿದರು. ನನ್ನ ಮಟ್ಟಿಗೆ ಈ ಇಡೀ ಕಥೆಯ ಅತಿ ಜಾಣ ಆಲೋಚನೆ ಆಮೇಲಿನದು. ರಾಷ್ಟ್ರಕ್ಕೆ ಬೇಕಾದ ಕೆಲವೇ ಅಂಕಿಗಳನ್ನು ಎಲ್ಲರೂ ಕೊಡಬೇಕು. ಪ್ರಾಂತ್ಯ ತನಗೆ ಬೇಕಾದ ಇನ್ನಷ್ಟನ್ನು ಸೇರಿಸಿಕೊಳ್ಳಬಹುದು, ಜಿಲ್ಲೆ ಮತ್ತಷ್ಟನ್ನು, ಕ್ಲಿನಿಕ್ ತನ್ನದೇ ಕೆಲವನ್ನು. ಮೇಲಕ್ಕೆ ಹೋದಂತೆ ಪಟ್ಟಿ ಚಿಕ್ಕದಾಗಬೇಕು. ನಮ್ಮಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ದೆಹಲಿಗೆ ಎಲ್ಲವೂ ಬೇಕು, ಉಪಕೇಂದ್ರದ ಸಿಸ್ಟರ್‌ಗೆ ಏನು ಬೇಕೆಂದು ಕೇಳುವವರಿಲ್ಲ.

ಡಿಎಚ್‌ಐಎಸ್ ಎಂಬ ಆ ತಂಡದ ಸಾಫ್ಟ್‌ವೇರ್ ಮೈಕ್ರೋಸಾಫ್ಟ್ ಆಕ್ಸೆಸ್ ಮೇಲೆ ನಿಂತ, ಸಾಮಾನ್ಯ ಕಂಪ್ಯೂಟರಿನಲ್ಲಿ ಓಡುವ ಸರಳ ತಂತ್ರಾಂಶ. ಅದು 2000ದ ಸುಮಾರಿಗೆ ಭಾರತಕ್ಕೂ ಬಂತು. ಮೊದಲು ಬಂದದ್ದು ನಮ್ಮ ಕೋಲಾರದ ಗಡಿಗಂಟಿದ ಆಂಧ್ರದ ಕುಪ್ಪಂಗೆ. ಇಂಟರ್ನೆಟ್ ಮೂಲಕ ನಡೆಯುವ ಎರಡನೆಯ ಆವೃತ್ತಿ, ಡಿಎಚ್‌ಐಎಸ್2, 2006ರಲ್ಲಿ ಮೊದಲು ಬಳಕೆಗೆ ಬಂದದ್ದು ಕೇರಳದಲ್ಲಿ. ಇಂದು ಅದು 70ಕ್ಕೂ ಹೆಚ್ಚು ದೇಶಗಳಲ್ಲಿದೆ.

ಕೀನ್ಯಾ 2011ರಲ್ಲಿ ಅದನ್ನು ದೇಶಕ್ಕೆಲ್ಲ ತಂದಾಗ ಜಿಲ್ಲೆಗಳಲ್ಲಿ ಕೇಬಲ್ ಇಂಟರ್ನೆಟ್ ಇರಲಿಲ್ಲ, ಮೊಬೈಲ್ ಜಾಲವಿತ್ತು. ಅಧಿಕಾರಿಗಳ ಕೈಗೆ ಡಾಂಗಲ್ ಕೊಟ್ಟು ಕೆಲಸ ಸಾಗಿಸಿದರು. ಎರಡೇ ವರ್ಷಕ್ಕೆ, 2013ರಲ್ಲಿ, ಹೊಸ ಸಂವಿಧಾನದಂತೆ ಆಡಳಿತ 47 ಕೌಂಟಿಗಳ ಕೈಗೆ ಹೋಯಿತು. ಯಾವ ಆಸ್ಪತ್ರೆ ಯಾರ ಅಡಿಗೆ ಬರುತ್ತದೆಂಬ ಇಡೀ ವಂಶವೃಕ್ಷವನ್ನೇ ಹೊಸದಾಗಿ ಬರೆಯಬೇಕಾಯಿತು. ಉಗಾಂಡದ ತೊಂದರೆ ಬೇರೆ ಬಗೆಯದು. ಒಂದೊಂದು ದಾನಿ ಸಂಸ್ಥೆಯೂ ತನ್ನದೇ ಮೊಬೈಲ್ ಯೋಜನೆಯೊಂದನ್ನು ತಂದು, ಹಣ ಮುಗಿದ ಮೇಲೆ ಬಿಟ್ಟುಹೋಗುತ್ತಿತ್ತು. ಬೇಸತ್ತ ಅಲ್ಲಿನ ಆರೋಗ್ಯ ಸಚಿವಾಲಯ 2012ರಲ್ಲಿ ಇಂಥ ಹೊಸ ಪ್ರಯೋಗಗಳಿಗೆಲ್ಲ ತಡೆ ಹಾಕಿತು. ದುಡ್ಡು ಕೊಡುವವರಿಗೆ ನಿಲ್ಲಿ ಎನ್ನುವುದು ಬಡ ದೇಶಕ್ಕೆ ಸುಲಭವಲ್ಲ. ಆ ಧೈರ್ಯವನ್ನು ನಾನು ಮೆಚ್ಚುತ್ತೇನೆ.

ನಮ್ಮಲ್ಲಿ ಈಗ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಇದೆ, 14 ಅಂಕಿಯ ಆಭಾ ಎಂಬ ಆರೋಗ್ಯ ಗುರುತಿನ ಸಂಖ್ಯೆ ಇದೆ. ಎಷ್ಟು ಕೋಟಿ ಸಂಖ್ಯೆ ಹಂಚಿದೆವು ಎಂಬುದು ಸುದ್ದಿಯಾಗುತ್ತದೆ. ಒಬ್ಬ ವೈದ್ಯರು ಬರೆದ ದಾಖಲೆಯನ್ನು ಇನ್ನೊಬ್ಬ ವೈದ್ಯರು ತೆರೆದು ನೋಡಿ ಚಿಕಿತ್ಸೆ ಕೊಟ್ಟದ್ದು ಎಷ್ಟು ಬಾರಿ ಎಂಬುದು ನಿಜವಾದ ಅಳತೆ. ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಾಗ ಅವರ ಬೇಡಿಕೆಗಳಲ್ಲೊಂದು, ಪ್ರೋತ್ಸಾಹಧನವನ್ನು ತಾಯಿ-ಮಗುವಿನ ಆರೋಗ್ಯ ದಾಖಲಿಸುವ ಆರ್‌ಸಿಎಚ್ ಪೋರ್ಟಲ್‌ನಿಂದ ಬೇರ್ಪಡಿಸಿ ಎಂಬುದಾಗಿತ್ತು. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಕಾಣದಿದ್ದರೆ ದುಡ್ಡಿಲ್ಲ ಎನ್ನುವುದು ಅನ್ಯಾಯ ಮಾತ್ರವಲ್ಲ, ಮಾಹಿತಿ ವಿಜ್ಞಾನದ ದೃಷ್ಟಿಯಿಂದಲೂ ತಪ್ಪು. ಸಂಬಳ ಅಂಕಿಗೆ ಅಂಟಿದಾಗ ಅಂಕಿ ಸಂಬಳದ ಕಡೆಗೆ ವಾಲುತ್ತದೆ.

ಶ್ರೀಲಂಕಾ ಹಿಡಿದ ದಾರಿ ನೋಡಿ. ಕೊಲಂಬೊ ವಿಶ್ವವಿದ್ಯಾಲಯದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆ ವೈದ್ಯರಿಗೇ ವೈದ್ಯಕೀಯ ಮಾಹಿತಿ ವಿಜ್ಞಾನದ ಸ್ನಾತಕೋತ್ತರ ಕೋರ್ಸ್ ನಡೆಸುತ್ತ ಬಂದಿದೆ. 2020ರ ಜನವರಿ ಕೊನೆಯಲ್ಲಿ ಅಲ್ಲಿ ಮೊದಲ ಕೋವಿಡ್ ರೋಗಿ ಪತ್ತೆಯಾದಾಗ, ಈ ಕೋರ್ಸ್ ಓದಿದ ವೈದ್ಯರಿದ್ದ ಆರೋಗ್ಯ ಇಲಾಖೆಯವರು ಯಾವ ಕಂಪನಿಗೂ ಟೆಂಡರ್ ಕರೆಯುತ್ತ ಕೂರಲಿಲ್ಲ. ವಿದೇಶದಿಂದ ಬಂದಿಳಿದವರ ಮೇಲೆ ನಿಗಾ ಇಡುವ ವ್ಯವಸ್ಥೆಯನ್ನು ಡಿಎಚ್‌ಐಎಸ್2 ಮೇಲೆಯೇ ಕೆಲವೇ ದಿನಗಳಲ್ಲಿ ಕಟ್ಟಿದರು. ಅದನ್ನು ಆಧರಿಸಿದ ಮಾದರಿಯನ್ನು ಹತ್ತಾರು ದೇಶಗಳು ಎತ್ತಿಕೊಂಡವು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕಲು ನಾರ್ವೆಯ ಅನೇಕ ಪುರಸಭೆಗಳು ಕೂಡ ಇದೇ ಡಿಎಚ್‌ಐಎಸ್2 ಅನ್ನು ಬಳಸಿದವು.