ಹೊಣೆ ಯಾರದು? ಗಡಿ ಕಾಡಿನ ಒಂದು ಹಳೆಯ ಲೆಕ್ಕ

ನಂಗವಳ್ಳಿಯಿಂದ ಮೆಟ್ಟೂರಿಗೆ, ಅಲ್ಲಿಂದ ಕೊಳತ್ತೂರು, ಗೋವಿಂದಪಾಡಿ, ಪಾಲಾರುಗಳನ್ನು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಹಾದಿಯು ಸೇಲಂ ಸೀಮೆಯ ಭಕ್ತರಿಗೆ ಹರಕೆಯ ಹಾದಿ. ಇಂದು ಬಸ್ಸಿನ ಕಿಟಕಿಯಲ್ಲಿ ಕುಳಿತ ಶಾಲಾಬಾಲಕನಿಗೆ ಅಲ್ಲಿ ಕಾಣುವುದು ಕಾಡು, ಹೊಳೆ, ತಿರುವುಗಳು ಮಾತ್ರ. ಆತನ ತಂದೆ ತಾಯಿಯರಿಗೆ ಅದೇ ಹಾದಿಯು ಇನ್ನೊಂದು ನೆನಪನ್ನು ತರುತ್ತದೆ. 1993ರ ಏಪ್ರಿಲ್ 9ರಂದು ಪಾಲಾರಿನ ಸಮೀಪ ವೀರಪ್ಪನ್ ತಂಡವು ಹುದುಗಿಸಿಟ್ಟಿದ್ದ ನೆಲಬಾಂಬುಗಳು ಸಿಡಿದು 22 ಮಂದಿ ಸತ್ತರು. ಅವರಲ್ಲಿ ಪೊಲೀಸರಿದ್ದರು, ಅರಣ್ಯ ಇಲಾಖೆಯ ಕಾವಲುಗಾರರಿದ್ದರು, ದಾರಿ ತೋರಿಸಲೆಂದು ಜೊತೆಗೆ ಹೋಗಿದ್ದ ಊರಿನವರೂ ಇದ್ದರು. ತಂಡದ ಮುಂದಾಳಾಗಿದ್ದ ತಮಿಳುನಾಡಿನ ಪೊಲೀಸ್ ಅಧಿಕಾರಿ ಗೋಪಾಲಕೃಷ್ಣನ್ ತೀವ್ರವಾಗಿ ಗಾಯಗೊಂಡು ಬದುಕಿ ಉಳಿದರು.

ವೀರಪ್ಪನ್ 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿಯ ಬಳಿ ಕೊಲ್ಲಲ್ಪಟ್ಟನು. ಮೆಟ್ಟೂರಿಗೆ ಸಮೀಪದ ಮೂಲಕ್ಕಾಡಿನಲ್ಲಿ ಅವನ ಸಮಾಧಿಯಾಯಿತು. ಅವನ ಕಥೆಯನ್ನು ಸಿನಿಮಾಗಳೂ ಪುಸ್ತಕಗಳೂ ಬೇಕಾದಷ್ಟು ಸಲ ಹೇಳಿವೆ. ಅಷ್ಟಾಗಿ ಹೇಳದೆ ಉಳಿದಿರುವ ಕಥೆ ಬೇರೊಂದಿದೆ. ಕಾಪಾಡಬೇಕಾದವರು ಕಾಪಾಡಲಾಗದೆ ಹೋದಾಗ ತಪ್ಪು ಯಾರದೆಂಬ ಪ್ರಶ್ನೆ ಕಚೇರಿಯಿಂದ ಕಚೇರಿಗೆ, ರಾಜ್ಯದಿಂದ ರಾಜ್ಯಕ್ಕೆ ಹೇಗೆ ಅಲೆಯಿತು ಎಂಬ ಕಥೆ ಅದು.

ಗಾಜನೂರಿನ ರಾತ್ರಿ

ಈ ಕಥೆಯ ನಡುಮನೆ ಈರೋಡು ಜಿಲ್ಲೆಯ ತಾಳವಾಡಿಯ ಸಮೀಪದ ದೊಡ್ಡ ಗಾಜನೂರು. 2000ದ ಜುಲೈ 30ರ ರಾತ್ರಿ, ತಮ್ಮ ಹುಟ್ಟೂರಿನ ಮನೆಯಲ್ಲಿದ್ದ 71 ವರ್ಷದ ನಟ ರಾಜ್‌ಕುಮಾರರನ್ನು ವೀರಪ್ಪನ್ ಒತ್ತೆಯಾಳಾಗಿ ಕಾಡಿಗೆ ಕರೆದೊಯ್ದನು. ಅವರೊಡನೆ ಅಳಿಯ ಗೋವಿಂದರಾಜು ಮತ್ತು ಇನ್ನಿಬ್ಬರೂ ಹೋಗಬೇಕಾಯಿತು. ಪಾರ್ವತಮ್ಮನವರ ಕೈಗೆ ಒಂದು ಧ್ವನಿಸುರುಳಿಯನ್ನು ಕೊಟ್ಟು, ಅದನ್ನು ಕರ್ನಾಟಕದ ಮುಖ್ಯಮಂತ್ರಿಗೆ ತಲುಪಿಸುವಂತೆ ಹೇಳಲಾಯಿತು. ಅಂದು ಕರ್ನಾಟಕದಲ್ಲಿ ಎಸ್. ಎಂ. ಕೃಷ್ಣ, ತಮಿಳುನಾಡಿನಲ್ಲಿ ಎಂ. ಕರುಣಾನಿಧಿ ಮುಖ್ಯಮಂತ್ರಿಗಳು.

ಬೆಳಗಾಗುವಷ್ಟರಲ್ಲಿ ಬೆಂಗಳೂರು ಸ್ತಬ್ಧವಾಯಿತು. ಅಂಗಡಿ ಮುಚ್ಚಿದವು, ಶಾಲೆಗಳಿಗೆ ರಜೆ ಬಂತು, ಎರಡು ರಾಜ್ಯಗಳ ನಡುವಣ ಬಸ್ಸುಗಳು ನಿಂತವು. ಅದರ ಜೊತೆಗೇ ಹೊಣೆಯ ವಾದವೂ ಮೊದಲಾಯಿತು. ನಟರು ಗಾಜನೂರಿಗೆ ಬಂದದ್ದು ತಮ್ಮ ಪೊಲೀಸರಿಗೆ ತಿಳಿದಿರಲಿಲ್ಲ, ಕಾವಲು ಬೇಕೆಂದು ಅವರು ಕೇಳಿರಲಿಲ್ಲ ಎಂಬುದು ತಮಿಳುನಾಡಿನ ಕಡೆಯ ಮಾತು. ಘಟನೆ ನಡೆದ ನೆಲವು ತಮಿಳುನಾಡಿನದು, ಆದುದರಿಂದ ರಕ್ಷಣೆಯೂ ಆ ರಾಜ್ಯದ್ದೇ ಎಂಬುದು ಇತ್ತ ಕಡೆಯ ಮಾತು. ಎರಡು ಮಾತುಗಳಲ್ಲಿಯೂ ಸ್ವಲ್ಪ ಸ್ವಲ್ಪ ನಿಜವಿತ್ತು. ಆದರೆ ಎರಡನ್ನೂ ಕೂಡಿಸಿದರೂ ಒಬ್ಬ ಮನುಷ್ಯನಿಗೆ ಕಾವಲು ದೊರೆಯುತ್ತಿರಲಿಲ್ಲ.

ಭದ್ರತೆಯ ಕೆಲಸಕ್ಕೆ ಮೂರು ಮೆಟ್ಟಿಲುಗಳಿವೆ. ಅಪಾಯದ ಸುಳಿವನ್ನು ಸಂಗ್ರಹಿಸುವುದು ಮೊದಲನೆಯದು. ಸುಳಿವನ್ನು ತೂಗಿ ನಿರ್ಧಾರ ಮಾಡುವುದು ಎರಡನೆಯದು. ನಿರ್ಧಾರದಂತೆ ಆಳನ್ನು ಬಾಗಿಲಲ್ಲಿ ನಿಲ್ಲಿಸುವುದು ಮೂರನೆಯದು. ಸೋಲು ಎಲ್ಲಿಯೇ ಆಗಲಿ, ಜನರ ಕಣ್ಣಿಗೆ ಬೀಳುವುದು ಮೂರನೆಯ ಮೆಟ್ಟಿಲಿನ ಪೇದೆ ಮಾತ್ರ. ಗಾಜನೂರಿನಲ್ಲಿ ಆ ಪೇದೆಯೂ ಇರಲಿಲ್ಲ; ಸೋಲು ಮೇಲಿನ ಮೆಟ್ಟಿಲುಗಳಲ್ಲಿಯೇ ಆಗಿತ್ತು. ಆದುದರಿಂದಲೇ ಅದನ್ನು ಒಪ್ಪಿಕೊಳ್ಳುವವರು ದೊರೆಯುವುದು ಕಷ್ಟವಾಯಿತು.

ಒಬ್ಬ ತಂದೆಯ ಅರ್ಜಿ

ವೀರಪ್ಪನ್‌ನ ಬೇಡಿಕೆಗಳಲ್ಲಿ ಕಾವೇರಿ ನೀರಿನ ಮಾತಿತ್ತು, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯ ಅನಾವರಣದ ಮಾತಿತ್ತು, ಸೆರೆಯಲ್ಲಿದ್ದವರ ಬಿಡುಗಡೆಯ ಮಾತೂ ಇತ್ತು. ಮೈಸೂರಿನ ಸೆರೆಮನೆಯಲ್ಲಿ ಟಾಡಾ ಕಾಯಿದೆಯಡಿ ಬಂಧಿತರಾಗಿದ್ದವರ ಮೇಲಿನ ಆ ಆರೋಪಗಳನ್ನು ಹಿಂತೆಗೆದುಕೊಳ್ಳಲು ಕರ್ನಾಟಕ ಸರ್ಕಾರವು ಮುಂದಾಯಿತು. ವಿಶೇಷ ನ್ಯಾಯಾಲಯವು ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು.

ಇದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ಬಡಿದವರು ಅಬ್ದುಲ್ ಕರೀಂ. ಅವರ ಮಗ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್, 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ಪೊಲೀಸ್ ವರಿಷ್ಠಾಧಿಕಾರಿ ಟಿ. ಹರಿಕೃಷ್ಣ ಅವರೊಡನೆ ವೀರಪ್ಪನ್‌ನ ಹೊಂಚಿಗೆ ಬಲಿಯಾಗಿದ್ದರು. ಮಗನನ್ನು ಕಳುಹಿಸಿದ ಸರ್ಕಾರವೇ, ಮಗನನ್ನು ಕೊಂದ ತಂಡದವರೆಂದು ತಾನು ಆರೋಪಿಸಿದವರನ್ನು ಈಗ ಬಿಡಲು ಹೊರಟಿದೆ ಎಂಬುದು ಆ ತಂದೆಯ ಸಂಕಟ. ನಾಡಿಗೆ ನಾಡೇ ಒಬ್ಬ ನಟನ ಪ್ರಾಣಕ್ಕಾಗಿ ಕಳವಳಿಸುತ್ತಿದ್ದಾಗ ಇಂಥ ಅರ್ಜಿಯನ್ನು ಹಾಕುವುದಕ್ಕೆ ಧೈರ್ಯ ಬೇಕಿತ್ತು.

2000ದ ನವೆಂಬರ್ 7ರಂದು, ಒತ್ತೆಯಾಳು ಇನ್ನೂ ಕಾಡಿನಲ್ಲಿದ್ದಾಗಲೇ, ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದಿತು. ಆರೋಪಗಳನ್ನು ಹಿಂತೆಗೆದುಕೊಳ್ಳಲು ಕೊಟ್ಟಿದ್ದ ಒಪ್ಪಿಗೆ ರದ್ದಾಯಿತು. ಸರ್ಕಾರಿ ಅಭಿಯೋಜಕರು ಎಲ್ಲ ದಾಖಲೆಗಳನ್ನು ತೂಗಿ, ಸ್ವಂತ ವಿವೇಚನೆಯಿಂದ ನಿರ್ಧರಿಸಿರಲಿಲ್ಲ ಎಂಬುದು ಪೀಠದ ಅಭಿಪ್ರಾಯ. ಹೊಣೆಯ ವಿಷಯದಲ್ಲಿಯೂ ನ್ಯಾಯಾಲಯವು ಸುಮ್ಮನಿರಲಿಲ್ಲ. ಅಪಹರಣದ ಅಪಾಯವು ತಮಿಳುನಾಡು ಸರ್ಕಾರಕ್ಕೆ ಮೊದಲೇ ಗೊತ್ತಿತ್ತು. ರಾಜ್‌ಕುಮಾರರಿಗೆ ಕಾವಲು ಇಷ್ಟವಿರಲಿಲ್ಲ ಎಂಬುದು ಕಾವಲು ಕೊಡದಿರುವುದಕ್ಕೆ ಕಾರಣವಾಗಲಾರದು ಎಂಬ ಅರ್ಥದ ಮಾತುಗಳು ತೀರ್ಪಿನಲ್ಲಿ ಬಂದವು. ‘ನಮಗೆ ಹೇಳಲಿಲ್ಲ’ ಎಂಬ ಸಮಾಧಾನಕ್ಕೆ ಅಲ್ಲಿಗೆ ನೆಲೆ ತಪ್ಪಿತು.

ಆದರೆ ಈ ಕಥೆಯಲ್ಲಿ ನ್ಯಾಯವು ಒಂದೇ ಕಡೆ ನಿಂತಿರಲಿಲ್ಲ. ಸೆರೆಯಲ್ಲಿದ್ದವರಲ್ಲಿ ಕಾಡಂಚಿನ ಬಡ ಹಳ್ಳಿಗರು ಬಹಳ ಮಂದಿ. ಮುಂದೆ 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯವು ವಿಚಾರಣೆ ಮುಗಿಸಿದಾಗ ಆರೋಪಿಗಳಲ್ಲಿ ಹೆಚ್ಚಿನವರು ಖುಲಾಸೆಯಾದರು. ಮಗನನ್ನು ಕಳೆದುಕೊಂಡ ತಂದೆಯ ಅಳಲು ನಿಜವಾಗಿತ್ತು. ತಪ್ಪಿಲ್ಲದೆ ವರ್ಷಗಟ್ಟಲೆ ಸೆರೆಯಲ್ಲಿ ಕೊಳೆತವರ ಅಳಲೂ ನಿಜವಾಗಿತ್ತು. ಇವೆರಡನ್ನು ಎದುರುಬದುರಾಗಿ ನಿಲ್ಲಿಸಿದ್ದು, ಹೊತ್ತಿಗೆ ಸರಿಯಾಗಿ ತನಿಖೆಯನ್ನೂ ವಿಚಾರಣೆಯನ್ನೂ ಮುಗಿಸದೆ ಹೋದ ವ್ಯವಸ್ಥೆ.

ಬಿಡುಗಡೆಯ ನಂತರ

ನವೆಂಬರ್ 15ರಂದು, 108 ದಿನಗಳ ಬಳಿಕ, ರಾಜ್‌ಕುಮಾರರು ಬಿಡುಗಡೆಯಾದರು. ನಾಡು ಹಬ್ಬ ಆಚರಿಸಿತು. ಲೆಕ್ಕ ಮಾತ್ರ ಮುಗಿಯಲಿಲ್ಲ. ಆ ದಿನಗಳಲ್ಲಿ ಕರ್ನಾಟಕದ ಪೊಲೀಸ್ ಮಹಾನಿರ್ದೇಶಕರಾಗಿದ್ದ ಸಿ. ದಿನಕರ್ ನಿವೃತ್ತಿಯ ನಂತರ ಒಂದು ಪುಸ್ತಕ ಬರೆದು, ಬಿಡುಗಡೆಗಾಗಿ ಕೋಟಿಗಟ್ಟಲೆ ಹಣ ಸಂದಾಯವಾಗಿದೆ ಎಂದು ಆರೋಪಿಸಿದರು. ಸರ್ಕಾರದವರು ಅದನ್ನು ಅಲ್ಲಗಳೆದರು. ಹುದ್ದೆಯಲ್ಲಿದ್ದಾಗ ಮೌನ, ಹುದ್ದೆ ಬಿಟ್ಟ ಮೇಲೆ ಮಾತು: ಅಧಿಕಾರಿಗಳ ಪಾಪಪ್ರಜ್ಞೆಯು ಬಹಳ ಸಲ ಹೊರಬರುವುದು ಈ ಬಗೆಯಲ್ಲಿಯೇ. ಅದರಲ್ಲಿ ಆತ್ಮಸಾಕ್ಷಿ ಎಷ್ಟು, ಆತ್ಮಸಮರ್ಥನೆ ಎಷ್ಟು ಎಂದು ಬೇರ್ಪಡಿಸುವುದು ಓದುಗರಿಗೆ ಸುಲಭವಲ್ಲ.

ಎರಡೇ ವರ್ಷದಲ್ಲಿ ಅದೇ ಪಾಠ ಮರಳಿ ಬಂದಿತು. 2002ರ ಆಗಸ್ಟ್ 25ರಂದು ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕೊಳ್ಳೇಗಾಲ ತಾಲ್ಲೂಕಿನ ಕಾಮಗೆರೆಯ ಮನೆಯಿಂದಲೇ ವೀರಪ್ಪನ್ ಹೊತ್ತೊಯ್ದನು. ಡಿಸೆಂಬರ್ 8ರಂದು ಅವರ ಶವ ಕಾಡಿನಲ್ಲಿ ಸಿಕ್ಕಿತು. ಈ ಸಲ ಮನೆ ಕರ್ನಾಟಕದ ನೆಲದಲ್ಲಿಯೇ ಇತ್ತು. ನೆಲದ ನೆಪಕ್ಕೆ ಎಡೆಯಿರಲಿಲ್ಲ.

ಇನ್ನು ಕಾಡಂಚಿನ ಹಳ್ಳಿಗಳು. ಮೇಲಿನವರ ಸೋಲಿಗೆ ಅತ್ಯಂತ ಹೆಚ್ಚು ಬೆಲೆ ತೆತ್ತವರು ಅಲ್ಲಿನವರು. ವೀರಪ್ಪನ್‌ಗೆ ಅಕ್ಕಿ ಕೊಟ್ಟರೆಂದು ಪೊಲೀಸರ ಸಂಶಯ, ಪೊಲೀಸರಿಗೆ ಸುಳಿವು ಕೊಟ್ಟರೆಂದು ವೀರಪ್ಪನ್‌ನ ಸಂಶಯ. ಎರಡು ರಾಜ್ಯಗಳ ವಿಶೇಷ ಕಾರ್ಯಪಡೆಗಳ ಮೇಲೆ ಬಂದ ಹಿಂಸೆಯ ದೂರುಗಳನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿಯು ವಿಚಾರಿಸಿತು. ಅದರ ವರದಿಯ ಆಧಾರದ ಮೇಲೆ 2007ರಲ್ಲಿ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿಗಳ ಪರಿಹಾರಕ್ಕೆ ಆಯೋಗವು ಶಿಫಾರಸು ಮಾಡಿತು. ಅದಕ್ಕೆ ಮೊದಲೇ ಕಾರ್ಯಪಡೆಯವರಿಗೆ ಬಡ್ತಿ, ಬಹುಮಾನಗಳು ಘೋಷಣೆಯಾಗಿದ್ದವು. ಗೆಲುವಿಗೆ ಹೆಸರು ಹೆಸರಾಗಿ ಹಂಚಿಕೆಯಾಯಿತು. ತಪ್ಪಿಗೆ ಸಿಕ್ಕಿದ್ದು ಖಜಾನೆಯ ಹಣ.

ಗಾಜನೂರಿನ ಅಪಹರಣದ ಮೊಕದ್ದಮೆಯೂ ಹಾಗೆಯೇ ಮುಗಿಯಿತು. 2018ರ ಸೆಪ್ಟೆಂಬರ್ 25ರಂದು ಗೋಬಿಚೆಟ್ಟಿಪಾಳಯದ ನ್ಯಾಯಾಲಯವು ಉಳಿದಿದ್ದ ಒಂಬತ್ತು ಆರೋಪಿಗಳನ್ನೂ ಬಿಡುಗಡೆ ಮಾಡಿತು. ಹದಿನೆಂಟು ವರ್ಷಗಳ ಬಳಿಕ, ಎರಡು ರಾಜ್ಯಗಳನ್ನು ನಡುಗಿಸಿದ ಒಂದು ಅಪರಾಧಕ್ಕೆ ನ್ಯಾಯಾಲಯದಲ್ಲಿ ತಪ್ಪಿತಸ್ಥರೇ ಇಲ್ಲವಾದರು.

ಮಕ್ಕಳಿಗೆ ಹೇಳುವುದೇನು

1956ರ ನವೆಂಬರಿನಲ್ಲಿ ತಮಿಳುನಾಡಿನ ಅರಿಯಲೂರಿನ ಬಳಿ ಪ್ರವಾಹಕ್ಕೆ ಸೇತುವೆ ಕುಸಿದು ರೈಲು ಉರುಳಿತು. ರೈಲ್ವೆ ಸಚಿವ ಲಾಲ್ ಬಹಾದೂರ್ ಶಾಸ್ತ್ರಿಯವರು ಪದವಿಯನ್ನು ಬಿಟ್ಟರು. ಸೇತುವೆಯನ್ನು ಅವರು ಕಟ್ಟಿರಲಿಲ್ಲ, ರೈಲನ್ನು ಅವರು ಓಡಿಸಿರಲಿಲ್ಲ. ಆದರೂ ಆ ಇಲಾಖೆ ತಮ್ಮದೆಂದು ಅವರು ಬಗೆದರು. ಶಾಲೆಯ ಪಾಠಗಳಲ್ಲಿ ಇಂದಿಗೂ ಆ ಹೆಸರು ಬರುವುದಕ್ಕೆ ಅದೂ ಒಂದು ಕಾರಣ.

ತಮಿಳುನಾಡಿನಲ್ಲಿ ಕನ್ನಡವನ್ನು ಮಾತಾಡುವ ಮನೆಗಳಿಗೆ ಈ ಮಾತು ಪುಸ್ತಕದ ನೀತಿಯಷ್ಟೇ ಅಲ್ಲ. ಎರಡು ಸರ್ಕಾರಗಳು ಪರಸ್ಪರ ಬೆರಳು ತೋರಿಸುವಾಗ, ಆ ಬೆರಳುಗಳ ನಡುವೆ ಸಿಕ್ಕಿಬೀಳುವವರು ಗಡಿಯ ಇತ್ತ ಕಡೆಯ ಕನ್ನಡಿಗರು, ಅತ್ತ ಕಡೆಯ ತಮಿಳರು. 2000ದ ಆ 108 ದಿನಗಳಲ್ಲಿ ಅಧಿಕಾರಿಗಳ ಸೋಲನ್ನು ಭಾಷೆಯ ಜಗಳವೆಂದು ತಿಳಿದವರು ಎರಡೂ ಕಡೆ ಇದ್ದರು. ಕಾವಲು ತಪ್ಪಿದ್ದು ಯಾವ ಭಾಷೆಯಿಂದಲೂ ಅಲ್ಲ. ಸುಳಿವಿದ್ದೂ ಆಜ್ಞೆ ಹೊರಡದೆ ಹೋದುದರಿಂದ.

ಮುಂದಿನ ಸಲ ಹರಕೆಯ ಬಸ್ಸು ಪಾಲಾರನ್ನು ದಾಟುವಾಗ ಮಗುವೊಂದು ‘ಇಲ್ಲೇನಾಗಿತ್ತು’ ಎಂದು ಕೇಳಿದರೆ, ಹಿರಿಯರು ವೀರಪ್ಪನ್‌ನ ಮೀಸೆಯ ಕಥೆಯಷ್ಟನ್ನೇ ಹೇಳಿ ಮುಗಿಸಬೇಕಾಗಿಲ್ಲ. ಸತ್ತ 22 ಮಂದಿಯ ಮಾತನ್ನು ಹೇಳಬಹುದು. ಮಗನಿಗಾಗಿ ದೆಹಲಿಯ ನ್ಯಾಯಾಲಯಕ್ಕೆ ಹೋದ ತಂದೆಯ ಮಾತನ್ನು ಹೇಳಬಹುದು. ತಪ್ಪಿಲ್ಲದೆ ಸೆರೆಯಲ್ಲಿ ಕುಳಿತ ಹಳ್ಳಿಗರ ಮಾತನ್ನೂ ಹೇಳಬಹುದು.