ಮೊದಲ ಸ್ಕೂಟರ್ ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ



ವಾರದ ಸಭೆಗಳಲ್ಲಿ ಈಗ ಹಸು, ಹೊಲಿಗೆ ಮಿಷನ್ ಜೊತೆಗೆ ಸ್ಕೂಟರ್ ಸಾಲದ ಮಾತೂ ಬರುತ್ತಿದೆ. ಸಂತೋಷದ ವಿಷಯವೇ. 2023ರ ಜೂನ್‌ನಿಂದ ನಮಗೆ ಸರ್ಕಾರಿ ಬಸ್ಸು ಉಚಿತ, ನಿಜ. ಆದರೆ ತೆರಕಣಾಂಬಿ ಮಾರುಕಟ್ಟೆಗೆ ತರಕಾರಿ ಒಯ್ಯುವವರಿಗೆ, ಗುಂಡ್ಲುಪೇಟೆಗೋ ಚಾಮರಾಜನಗರಕ್ಕೋ ದಿನಾ ಕೆಲಸಕ್ಕೆ ಹೋಗುವವರಿಗೆ ಆ ಬಸ್ಸು ಹೊತ್ತಿಗೆ ಸರಿಯಾಗಿ ಬರಬೇಕಲ್ಲ! ಬಸ್ಸು ಹೊತ್ತಿಗೆ ಸಿಗುವ ಊರಾದರೆ ಸ್ಕೂಟರ್ ಈ ವರ್ಷ ಬೇಕೇ ಎಂದು ಇನ್ನೊಮ್ಮೆ ಯೋಚಿಸಿ.

ಬೇಕೇ ಬೇಕು ಅನ್ನುವವರು ಮೊದಲು ಬೆಲೆ ಸರಿಯಾಗಿ ಕೇಳಿಕೊಳ್ಳಿ. ಅಂಗಡಿಯವರು ಮೊದಲು ಹೇಳುವುದು ಎಕ್ಸ್ ಷೋರೂಂ ಬೆಲೆ. ಅದರ ಮೇಲೆ ರಸ್ತೆ ತೆರಿಗೆ, ನೋಂದಣಿ, ವಿಮೆ ಸೇರಿದಾಗ ಬರುವುದೇ ಆನ್‌ರೋಡ್ ಬೆಲೆ. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕೆಂಬ ನಿಯಮ 2018ರ ಸೆಪ್ಟೆಂಬರ್‌ನಿಂದ ಇದೆ. ಆ ವಿಮೆಯಲ್ಲಿ ನಿಮ್ಮ ಗಾಡಿ ಕಳುವಾದರೆ ಏನೂ ಸಿಗದು, ಅದಕ್ಕೆ ಬೇರೆ ಕಟ್ಟಬೇಕು.

"ಐದು ಸಾವಿರ ಕಟ್ಟಿ, ಗಾಡಿ ತಗೊಂಡೋಗಿ" ಅಂತ ಬೋರ್ಡ್ ನೋಡಿರುತ್ತೀರಿ. ಮುಂಗಡ ಕಡಿಮೆ ಆದಷ್ಟೂ ಸಾಲ ಹೆಚ್ಚು. ಬಡ್ಡಿ ಹೇಗೆ ಹಾಕುತ್ತಾರೆ ಅಂತ ಕೇಳಲೇಬೇಕು. 60,000 ರೂ. ಸಾಲ, ಮೂರು ವರ್ಷ, "ಬರೀ ಶೇ. 10, ಫ್ಲಾಟ್" ಅಂದರು ಅಂದುಕೊಳ್ಳಿ. ವರ್ಷಕ್ಕೆ 6,000ದಂತೆ 18,000 ರೂ. ಬಡ್ಡಿ. ಅಸಲು ತೀರುತ್ತಾ ಬಂದರೂ ಕೊನೇ ತಿಂಗಳವರೆಗೆ ಪೂರ್ತಿ 60,000ಕ್ಕೇ ಬಡ್ಡಿ ಕಟ್ಟುತ್ತಿರುತ್ತೀರಿ. ಅದೇ ಹಣವನ್ನು ಸಂಘದಲ್ಲಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿಯಂತೆ, ಅಂದರೆ ಶೇ. 12ಕ್ಕೆ ತೆಗೆದು, ತಿಂಗಳಿಗೆ 1,667 ರೂ. ಅಸಲು ಕಟ್ಟಿದರೆ? ಮೊದಲ ತಿಂಗಳು 600 ರೂ. ಬಡ್ಡಿ, ಮುಂದಿನ ತಿಂಗಳು 583, ಹೀಗೆ ಇಳಿಯುತ್ತಾ ಹೋಗಿ ಒಟ್ಟು 11,100 ರೂ. ಆಗುತ್ತದೆ. ಹತ್ತಕ್ಕಿಂತ ಹನ್ನೆರಡೇ 6,900 ರೂ. ಅಗ್ಗ! ಪುಸ್ತಕ ಬರೆಯುವ ಸದಸ್ಯೆಯನ್ನು ಕೂರಿಸಿಕೊಂಡು ನೀವೇ ಲೆಕ್ಕ ಹಾಕಿ ನೋಡಿ.

ಇನ್ನು ಯಾವ ಗಾಡಿ? ಬಣ್ಣ ನೋಡಿ ಒಪ್ಪಬೇಡಿ. ದಿನಾ ಉಡುವ ಬಟ್ಟೆ, ದಿನಾ ಮೆಟ್ಟುವ ಚಪ್ಪಲಿಯಲ್ಲೇ ಹೋಗಿ ಕುಳಿತು ನೋಡಿ. ಎರಡೂ ಕಾಲು ನೆಲಕ್ಕೆ ಊರಬೇಕು. ಹೊಸಬರು ಬೀಳುವುದು ಓಡಿಸುವಾಗ ಮಾತ್ರವಲ್ಲ, ನಿಲ್ಲಿಸುವಾಗ, ತಿರುಗಿಸುವಾಗಲೂ ಬೀಳುತ್ತಾರೆ. 110 ಸಿ.ಸಿ. ಸ್ಕೂಟರ್‌ಗಳು ಹೆಚ್ಚುಕಡಿಮೆ 100ರಿಂದ 110 ಕಿಲೋ ತೂಗುತ್ತವೆ. ಸ್ಟ್ಯಾಂಡ್ ಹಾಕಿ, ತೆಗೆದು, ಹಿಂದಕ್ಕೆ ತಳ್ಳಿ ನೋಡಿ. ಹೂವು, ಈರುಳ್ಳಿ ಮೂಟೆ ಸಾಗಿಸುವವರಿಗೆ ಟಿ.ವಿ.ಎಸ್. ಎಕ್ಸ್‌ಎಲ್ 100 ಕೂಡ ಆಗಬಹುದು. ಅದಕ್ಕೂ ಗೇರ್ ಇಲ್ಲ, ತೂಕ 90 ಕಿಲೋ ಒಳಗೆ, ದೊಡ್ಡ ಚಕ್ರವಾದ್ದರಿಂದ ಹೊಲದ ದಾರಿಗೂ ಸೈ. ಸೀಟು ಮಾತ್ರ ಸ್ವಲ್ಪ ಎತ್ತರ. ಹಳೆ ಗಾಡಿ ಕೊಳ್ಳುವವರು ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಉಳಿದಿದೆಯೇ ನೋಡಿ. ಇದ್ದರೆ ಸಾಲ ತೀರಿದ ಪತ್ರ ಕೈಗೆ ಬರುವವರೆಗೆ ಹಣ ಕೊಡಬೇಡಿ.

ಆರ್.ಸಿ. ಯಾರ ಹೆಸರಿನಲ್ಲಿ? ಇದನ್ನು ನಾವು ಒತ್ತಿ ಹೇಳುತ್ತೇವೆ. ಸಾಲ ನಿಮ್ಮದು, ಓಡಿಸುವವರೂ ನೀವೇ, ಆದರೆ ಗಾಡಿ ಮಾತ್ರ ಯಜಮಾನರ ಹೆಸರಿಗೆ. ಹೀಗಾಗುವುದುಂಟು. ವಿಮೆಯ ಜೊತೆ ಬರುವ 15 ಲಕ್ಷ ರೂ.ಗಳ ಅಪಘಾತ ರಕ್ಷಣೆ ಇರುವುದು ಲೈಸೆನ್ಸ್ ಇರುವ ಮಾಲೀಕರಿಗೆ. ಆರ್.ಸಿ. ಗಂಡನ ಹೆಸರಲ್ಲಿದ್ದು ನೀವು ಓಡಿಸುವಾಗ ಬಿದ್ದರೆ ಆ ಹಣ ನಿಮಗೆ ಬರುವುದಿಲ್ಲ. ಮನೆಯಲ್ಲಿ ಜಗಳ ಬೇಡ, ಈ ಒಂದು ವಿಷಯ ತಿಳಿಸಿ ಹೇಳಿದರೆ ಸಾಕು.

ಲೈಸೆನ್ಸ್ ಗಾಡಿಗಿಂತ ಮೊದಲು ಆಗಲಿ. 18 ತುಂಬಿರಬೇಕು. ಕಲಿಕಾ ಲೈಸೆನ್ಸ್ ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಎಲ್ ಬೋರ್ಡ್ ಹಾಕಿ. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ, ಮಗುವನ್ನೂ ಇಲ್ಲ. ಗೇರ್ ಇಲ್ಲದ ಗಾಡಿಯ ಲೈಸೆನ್ಸ್‌ನಲ್ಲಿ ಮನೆಯ ಬೈಕ್ ಓಡಿಸುವ ಹಾಗಿಲ್ಲ. ಲೈಸೆನ್ಸ್ ಇಲ್ಲದೆ ಯಾರಿಗಾದರೂ ಗುದ್ದಿದರೆ, ವಿಮೆ ಕಂಪನಿ ಅವರಿಗೆ ಕೊಟ್ಟ ಪರಿಹಾರವನ್ನು ಮಾಲೀಕರಿಂದಲೇ ವಸೂಲು ಮಾಡಬಹುದು. ಹೊಲ ಮಾರಬೇಕಾದೀತು.

ಐ.ಎಸ್.ಐ. ಗುರುತಿನ ಎರಡು ಹೆಲ್ಮೆಟ್, ಹಿಂದಿನ ಚಕ್ರಕ್ಕೆ ಸೀರೆ ಗಾರ್ಡ್, ಇವನ್ನೂ ಲೆಕ್ಕಕ್ಕೆ ಸೇರಿಸಿ. ಕನಿಷ್ಠ ಎರಡು ಅಂಗಡಿಯಿಂದ ಆನ್‌ರೋಡ್ ಬೆಲೆಯ ಕೊಟೇಷನ್ ಬರೆಸಿಕೊಂಡು ಮುಂದಿನ ಸಭೆಗೆ ತನ್ನಿ. ಕೂತು ನೋಡೋಣ.