ರಕ್ತದಿಂದ ಕ್ಯಾನ್ಸರ್ ಕೋಶ ಹೆಕ್ಕುವ ವಿದ್ಯುತ್ತು

ಗಂಟಿಗೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸಬೇಕು ಎಂದು ವೈದ್ಯರು ಹೇಳಿದೊಡನೆ ಮನೆಯವರು ಕೇಳುವುದುಂಟು: 'ಬರೀ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲವೆ ಡಾಕ್ಟ್ರೇ?'

ಪ್ರಶ್ನೆಯಲ್ಲಿ ಹುರುಳಿದೆ. ಸ್ತನ, ಕರುಳು ಮುಂತಾದೆಡೆಯ ಗಡ್ಡೆಗಳಿಂದ ಕಳಚಿಕೊಂಡ ಕೋಶಗಳು ರಕ್ತದಲ್ಲಿ ಸೇರಿರಬಹುದು. ಆದರೆ ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣಗಳಿರುತ್ತವೆ. ಅವುಗಳ ನಡುವೆ ಇಂಥ ಕೋಶಗಳು ಬೆರಳೆಣಿಕೆಯಷ್ಟು. ಎಷ್ಟೋ ರೋಗಿಗಳಲ್ಲಿ ಅಷ್ಟೂ ಸಿಗುವುದಿಲ್ಲ. ಹೆಕ್ಕುವುದು ಹೇಗೆ?

ನೆರವಿಗೆ ಬರುವುದು ನಾವೆಲ್ಲ ಚಿಕ್ಕಂದಿನಲ್ಲಿ ಆಡಿದ ಆಟ. ಒಣ ತಲೆಗೂದಲನ್ನು ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುತ್ತದಲ್ಲವೆ? ಬಾಚಣಿಗೆಯ ಹತ್ತಿರ ವಿದ್ಯುತ್ ಕ್ಷೇತ್ರ ಬಲವಾಗಿದ್ದು, ದೂರ ಹೋದಂತೆ ಕ್ಷೀಣಿಸುವುದೇ ಕಾರಣ. ಜೀವಕೋಶವೂ ಇಂಥ ಕ್ಷೇತ್ರದಲ್ಲಿ ಕದಲುತ್ತದೆ. ಇದಕ್ಕೆ ಅಮೆರಿಕದ ಹರ್ಬರ್ಟ್ ಪೋಲ್ 1951ರಲ್ಲಿ 'ಡೈಎಲೆಕ್ಟ್ರೊಫೋರೆಸಿಸ್' ಎಂಬ ನಾಲಿಗೆ ಹೊರಳದ ಹೆಸರಿಟ್ಟರು. 1966ರಲ್ಲಿ ಯೀಸ್ಟಿನ ಜೀವಂತ ಕೋಶಗಳನ್ನು ಸತ್ತವುಗಳಿಂದ ಬೇರ್ಪಡಿಸಿಯೂ ತೋರಿಸಿದರು.

ಕೋಶದ ಹೊರಪೊರೆ ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದಿಲ್ಲ. ಒಳಗಿರುವುದು ಉಪ್ಪುನೀರಿನಂಥ ದ್ರವ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತ ತೂಗುತ್ತದೆ. ಇಲ್ಲಿ ಬಳಸುವುದು ಸೆಕೆಂಡಿಗೆ ಹತ್ತಾರು ಸಾವಿರ ಆವರ್ತಗಳದ್ದು. ಆವರ್ತ ಕಡಿಮೆಯಿದ್ದಾಗ ವಿದ್ಯುತ್ ತಂತುವಿನಿಂದ ದೂರ ಸರಿಯುವ ಕೋಶ, ಅದು ಏರುತ್ತಾ ಹೋದಂತೆ ಒಂದು ಹಂತದಲ್ಲಿ ತಂತುವಿನತ್ತ ಬರತೊಡಗುತ್ತದೆ. ಕ್ಯಾನ್ಸರ್ ಕೋಶ ಸಾಮಾನ್ಯವಾಗಿ ದೊಡ್ಡದು, ಪೊರೆ ಸುಕ್ಕುಸುಕ್ಕು. ಹಾಗಾಗಿ ರಕ್ತಕಣಗಳಿಗಿಂತ ಮೊದಲೇ ಒಲಿಯುತ್ತದೆ. ಸರಿಯಾದ ಆವರ್ತ ಹಿಡಿದರೆ ಅದು ತಂತುವಿಗೆ ಅಂಟಿ ನಿಲ್ಲುತ್ತದೆ, ರಕ್ತಕಣಗಳು ಹರಿವಿನಲ್ಲಿ ಕೊಚ್ಚಿಹೋಗುತ್ತವೆ. ಮೊರದಲ್ಲಿ ಕೇರಿದ ಹಾಗೆ!

ಕಂಪ್ಯೂಟರ್ ಚಿಪ್ ತಯಾರಿಸುವ ವಿಧಾನದಿಂದಲೇ ಗಾಜಿನ ಮೇಲೆ ಈ ತಂತುಗಳನ್ನು ಮೂಡಿಸುತ್ತಾರೆ. ನಡುವಿನ ಅಂತರ ಕೂದಲೆಳೆಯಷ್ಟು. ಅದಕ್ಕೇ ಕೆಲವೇ ವೋಲ್ಟ್ ಸಾಕು, ಕೋಶಗಳು ಸಾಯುವುದಿಲ್ಲ. 1995ರಲ್ಲಿ ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಫ್ರೆಡರಿಕ್ ಬೆಕರ್, ಪೀಟರ್ ಗ್ಯಾಸ್ಕಾಯ್ನ್ ಮೊದಲಾದವರು ರಕ್ತಕ್ಕೆ ಬೆರೆಸಿದ ಸ್ತನ ಕ್ಯಾನ್ಸರ್ ಕೋಶಗಳನ್ನು ಹೀಗೆ ಹೆಕ್ಕಿದರು. 'ಬೆರೆಸಿದ' ಎಂಬುದನ್ನು ಓದುಗರು ಗಮನಿಸಬೇಕು. ರೋಗಿಯ ರಕ್ತದ ಮಾತೇ ಬೇರೆ. ರಕ್ತದ ಉಪ್ಪಿನಂಶದಲ್ಲಿ ವಿದ್ಯುತ್ತು ಸರಾಗವಾಗಿ ಹರಿದು ಬಿಸಿಯೇರುವುದರಿಂದ ಕೋಶಗಳನ್ನು ಮೊದಲು ಸಕ್ಕರೆಯ ದ್ರಾವಣಕ್ಕೆ ವರ್ಗಾಯಿಸಬೇಕು. ಒಂದಷ್ಟು ಬಿಳಿಕಣಗಳೂ ಜೊತೆಗೆ ಅಂಟಿಕೊಳ್ಳುತ್ತವೆ.

ಹೀಗೆ ಹಿಡಿದ ಕೋಶ ಜೀವಂತವಾಗಿರುವುದರಿಂದ ಅದರ ಮೇಲೆ ಔಷಧಿ ಪರೀಕ್ಷಿಸಬಹುದೆಂಬುದು ಸಂಶೋಧಕರ ಆಸೆ. ಗಂಟು ಕ್ಯಾನ್ಸರ್ ಹೌದೇ ಅಲ್ಲವೇ ಎಂದು ಹೇಳುವ ಪರೀಕ್ಷೆ ಇದಲ್ಲ. 2004ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ, ಅಯಸ್ಕಾಂತ ಬಳಸಿ ಇಂಥ ಕೋಶ ಎಣಿಸುವ ಪರೀಕ್ಷೆ ಕೂಡ ಸ್ತನ ಕ್ಯಾನ್ಸರ್ ಈಗಾಗಲೇ ಹರಡಿದವರಲ್ಲಿ ರೋಗದ ಮುಂದಿನ ಗತಿ ಅಂದಾಜಿಸಲು ಬಂದದ್ದು. ಸೂಜಿ ಹಾಕಿದರೆ ರೋಗ ಹರಡುತ್ತದೆಂಬ ಭಯ ನಮ್ಮಲ್ಲಿ ಬಹಳ. ಹಾಗಾಗುವುದು ತೀರಾ ಅಪರೂಪ. ವೈದ್ಯರು ಬಯಾಪ್ಸಿ ಸೂಚಿಸಿದ್ದರೆ ರಕ್ತ ಪರೀಕ್ಷೆಗೆಂದು ಕಾಯದೆ ಈ ವಾರವೇ ಮಾಡಿಸಿಕೊಳ್ಳಿ.